ಹಸಿರು ದೀಪ

ಗುರುವಾರ ನಸುಕಿನ ಮೂರಕ್ಕೆ
ಕುತೈಸಿಯ ಹೆರಿಗೆ ಆಸ್ಪತ್ರೆಯ ಪರದೆಗಳೆಲ್ಲ
ಒಂದೇ ಸಲ ಕಪ್ಪಾಗಿ
ಹಣ ಕೇಳಿದವು.

ಮೇಲೆ ಯಾರೋ ಹೆರುತ್ತಿದ್ದರು.
ಕೂಗು ನೆಲಮಾಳಿಗೆಗೂ ಇಳಿಯುತ್ತಿತ್ತು.
ಹೆರುವವಳಿಗೆ ಸರ್ವರಿನ ಗೊಡವೆ ಇಲ್ಲ.

"ಬ್ಯಾಕಪ್ ಇದೆಯಲ್ಲ, ನೆಸ್ತಾನ್?"
ನಿರ್ದೇಶಕ ಓತಾರ್, ಕೋಟಿನ ಕೆಳಗೆ ಪೈಜಾಮ.
"ನಿನ್ನೆಯದನ್ನೇ ಹಾಕು. ಬೆಳಕು ಹರಿಯುವುದರೊಳಗೆ."
ಇದೆ ಎಂದೆ.
ಪ್ರತಿ ರಾತ್ರಿಯದೂ ಇದೆ.
ಪ್ರತಿ ಬೆಳಗೂ ಹಸಿರು ದೀಪ ನೋಡಿ
ರಿಜಿಸ್ಟರಿನಲ್ಲಿ ಸಹಿ ಮಾಡಿದವಳು ನಾನೇ.

ಆದರೂ ಹಾಕಲಿಲ್ಲ.
ಮೂಲೆಯ ಹಳೇ ಕಂಪ್ಯೂಟರಿನ
ತಂತಿಗಳನ್ನೆಲ್ಲ ಕಿತ್ತು,
ಹೊರಗಿನ ಯಾರೊಂದಿಗೂ ಮಾತಾಡದಂತೆ ಮಾಡಿ,
ನಿನ್ನೆಯನ್ನು ಅದರೊಳಗೆ ಬಿಚ್ಚಿದೆ.

ಗುರುತಿನ ಕಳ್ಳರ ಪಟ್ಟಿ ಹಿಡಿದು
ಒಂದೊಂದೇ ಕಡತದ ಮುಖ ನೋಡಿದೆ.
ಹೆಸರು ಸರಿ, ತೂಕ ಸರಿ, ತಾರೀಕು ಸರಿ.
"ಆಯಿತಲ್ಲ" ಎಂದರು ಓತಾರ್.
ಮಲಗಿರುವಾಗ ಎಲ್ಲರೂ ಸಭ್ಯರೇ, ಎಂದೆ;
ಎಂದು, ಅದರ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದೆ.
ಶುಕ್ರವಾರ. ಶನಿವಾರ.
ಮುಂದಿನ ಗುರುವಾರ, ನಸುಕಿನ ಮೂರು.

ಆಗ ಎದ್ದಿತು.
ಮೊದಲು ಸ್ಕ್ಯಾನ್ ಚಿತ್ರಗಳು,
ಆಮೇಲೆ ತಾಯಂದಿರ ರಕ್ತದ ಗುಂಪು,
ಆಮೇಲೆ ಕೂಸುಗಳ ತೂಕ,
ಒಂದೊಂದಾಗಿ ಹೆಸರು ಕಳಚಿ
ಓದಲಾರದ ಅಕ್ಷರಗಳಾಗುತ್ತ ಹೋದವು.
ಓತಾರ್ ಕುರ್ಚಿಗಾಗಿ ತಡಕಾಡಿದರು.

ಮೊನ್ನೆಯದು ಬಿಚ್ಚಿದೆ. ಅದರಲ್ಲೂ.
ಆಚೆಮೊನ್ನೆ. ಅದರಲ್ಲೂ.
ಹಾಲಿಗೆ ಹುಳಿ ಬಿದ್ದದ್ದು ಯಾವ ರಾತ್ರಿ?
ಒಂದೊಂದೇ ಗಡಿಗೆಯ ಮುಚ್ಚಳ ತೆಗೆದು ಮೂಸುತ್ತ
ಹಿಂದೆ ಹಿಂದೆ ಹೋದೆ.

ಎಷ್ಟು ಹೊತ್ತಿಗೋ ತ್ಸಿಯಾಲಾ ಬಂದಳು,
ಎರಡನೇ ವಾರ್ಡಿನ ಹಿರಿಯ ನರ್ಸ್,
ಬಟ್ಟೆಯಲ್ಲಿ ಸುತ್ತಿದ ಮುಸುಕಿನ ಜೋಳದ ರೊಟ್ಟಿ, ಒಂದು ತುಂಡು ಗಿಣ್ಣು.
"ಹೊಲಿಗೆ ಕೂಡಿದೆ ಅಂತ ಮನೆಗೆ ಕಳಿಸಬಾರದು ಮಗಳೇ.
ಮೇಲೆ ಚರ್ಮ ನಗುತ್ತಿರುತ್ತೆ, ಒಳಗೆ ಕೀವು.
ಒತ್ತಿ ನೋಡಬೇಕು."

ಇಪ್ಪತ್ತನಾಲ್ಕನೆಯ ರಾತ್ರಿಯನ್ನು ಒತ್ತಿ ನೋಡಿದೆ.
ಗಡಿಯಾರ ಒಂದು ತಿಂಗಳು ಮುಂದೆ, ಒಂದು ವರ್ಷ ಮುಂದೆ.
ಏನೂ ಏಳಲಿಲ್ಲ.
ಬರೀ ಫ್ಯಾನಿನ ಸದ್ದು.

ಅದಕ್ಕೂ ಮರುದಿನದ್ದಕ್ಕೂ ನಡುವೆ ಬಂದದ್ದು ಒಂದು ಕಾಗದ:
ಆಕ್ಸಿಜನ್ ಸಿಲಿಂಡರಿನ ಬಾಕಿ ಬಿಲ್ಲು.
ತೆರೆದದ್ದು ರಾತ್ರಿ ಒಂದೂ ನಲವತ್ತಕ್ಕೆ, ಎರಡನೇ ವಾರ್ಡಿನಲ್ಲಿ.
ತೆರೆದವರ ಹೆಸರನ್ನೂ ಓದಿದೆ.
ಆಕೆ ನನ್ನ ಪಕ್ಕದಲ್ಲೇ ನಿಂತು
ರೊಟ್ಟಿ ಮುರಿಯುತ್ತಿದ್ದಳು.
ಕೊಟ್ಟಳು.
ತಿಂದೆ.

ಆ ಶುದ್ಧ ಪ್ರತಿಯಲ್ಲಿ
ಅರವತ್ತೊಂದು ಮಕ್ಕಳು ಹುಟ್ಟಿಯೇ ಇಲ್ಲ.
ಮೂವರು ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಕಾಲಾಡಿಸುತ್ತಿದ್ದಾರೆ,
ಲೆಕ್ಕದ ಪ್ರಕಾರ ಇನ್ನೂ ಬರಬೇಕಾದವರು.
"ಆ ಇಪ್ಪತ್ಮೂರು ದಿನ ಎಲ್ಲಿಂದ ತರುತ್ತೀ?"
ಓತಾರ್ ಕೇಳಿದ್ದು ನನ್ನನ್ನು;
ಎದ್ದು ಹೋದದ್ದು ತ್ಸಿಯಾಲಾ.

ತಂದದ್ದು ನಾಲ್ಕು ಶಾಲಾ ನೋಟ್‌ಬುಕ್ಕು,
ರಟ್ಟಿನ ಮೇಲೆ ಕರಡಿ ಚಿತ್ರ.
ಕಂಪ್ಯೂಟರನ್ನು ನಂಬದವಳು
ಮೂವತ್ತು ವರ್ಷದಿಂದ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು.
ಅವಳು ಓದಿದಳು, ನಾನು ಒತ್ತಿದೆ:
ಗಂಡು, ಮೂರು ಸಾವಿರದ ನಾನೂರ ಎಂಬತ್ತು ಗ್ರಾಂ,
ಅಳಲು ತಡಮಾಡಿತು.
ಹೆಣ್ಣು, ಎರಡು ಸಾವಿರದ ನೂರು, ತುಂಬಾ ಕೂದಲು.
ಕೂದಲಿಗೆ ನಮ್ಮಲ್ಲಿ ಅಂಕಣವಿಲ್ಲ ಎಂದೆ.
"ಇರಲಿ, ಬರಿ."

ಶನಿವಾರ ವರದಿ ಬರೆದೆ.
ಬಾಗಿಲು ತೆರೆದದ್ದು ಒಬ್ಬ ಬಳಕೆದಾರರ ಖಾತೆಯಿಂದ,
ಎಂದಷ್ಟೇ.
ಅದರ ಕೆಳಗಿನ ಸಾಲು:
ದೀಪ ಹೇಳಿದ್ದು ನಕಲಾಯಿತು ಎಂದು.
ಏನು ನಕಲಾಯಿತೆಂದು
ಇಪ್ಪತ್ಮೂರು ಬೆಳಗು ಕೇಳದೆ ಸಹಿ ಹಾಕಿದವರು,
ನೆಸ್ತಾನ್ ಕ್ವಿರಿಕಾಶ್ವಿಲಿ.

ಹಿಂದೆ ತಿರುಗಿದರೆ
ಹಸಿರು ದೀಪ ಉರಿಯುತ್ತಿತ್ತು.
ಹೋಗಿ ಹಳೇ ಕಂಪ್ಯೂಟರಿನ ತಂತಿ ಕಿತ್ತೆ.